ನೀಲಿ ಸೈಪ್ರೆಸ್: ಬಣ್ಣವಲ್ಲ, ಮೇಣ

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರು ಬ್ಲೂ ಗೊಂಚಲನ್ನು ಕೊಯ್ಯುವಾಗ ತೊಟ್ಟು ಹಿಡಿಯಬೇಕು, ಹಣ್ಣು ಹಿಡಿಯಬಾರದು. ಹಿಡಿದರೆ ಮೇಲಿನ ಬೂದುಬಣ್ಣದ ಪುಡಿ ಬೆರಳಿಗೆ ಬಂದು ಹಣ್ಣು ಕರ್ರಗೆ ಹೊಳೆಯುತ್ತದೆ. ಅರಿಜೋನಾ ಸೈಪ್ರೆಸ್ ಮರದ ನೀಲಿಯೂ ಇಂಥದ್ದೇ. ಎಲೆಯೊಳಗೆ ನೀಲಿ ಎಂಬುದೇ ಇಲ್ಲ. ಹಸಿರೆಲೆಯ ಮೇಲೆ ತೆಳುವಾದ ಮೇಣದ ಹೊದಿಕೆ ಇದೆ, ಬೆಳಕು ಅದರಲ್ಲಿ ಚೆದುರಿ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಬೀಳು ಜಮೀನಿನಲ್ಲಿ ನಿಂತ ಎಕ್ಕದ ಎಲೆಯ ಮೇಲೂ ಇದೇ ಹಿಟ್ಟು. ಉರಿಬಿಸಿಲಲ್ಲಿ ನೀರು ಆರಿಹೋಗದಂತೆ ಗಿಡ ತಾನೇ ಮಾಡಿಕೊಂಡ ಏರ್ಪಾಡು ಅದು. ಬೇಲಿಯ ಮರೆಗೆಂದು ಈ ಮರ ನೆಟ್ಟವರು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಮೇಣವನ್ನು ಮರೆತದ್ದರಿಂದಲೇ ಆಗುವಂಥವು.

ಬೇವಿನೆಣ್ಣೆಯನ್ನೇ ನೋಡಿ. ಹುಳ ಕಂಡರೂ ಕಾಣದಿದ್ದರೂ ಹದಿನೈದು ದಿನಕ್ಕೊಮ್ಮೆ ಬೇವಿನೆಣ್ಣೆಗೆ ಸೋಪು ಕಲಸಿ ತೋಟಕ್ಕೆಲ್ಲ ಹೊಡೆಯುವ ರೂಢಿ ನಮ್ಮಲ್ಲಿದೆ. ಗುಲಾಬಿಗೆ, ದಾಸವಾಳಕ್ಕೆ ಸರಿ. ಈ ಮರಕ್ಕೆ ಹೊಡೆದರೆ ಎಣ್ಣೆ ಮತ್ತು ಸೋಪು ಸೇರಿ ಮೇಣವನ್ನು ಕರಗಿಸುತ್ತವೆ, ಬಿದ್ದ ಕಡೆಯೆಲ್ಲ ಮರ ಹಸಿರಾಗುತ್ತದೆ. ರೋಗವೇನಲ್ಲ, ಆದರೆ ಬಣ್ಣ ಹೋದ ಎಲೆಗೆ ಅದು ಮರಳುವುದಿಲ್ಲ. ಹೊಸ ಚಿಗುರು ಬಂದು ಮುಚ್ಚುವವರೆಗೆ ಕಾಯಬೇಕು. ತೋಟ ನೋಡಿಕೊಳ್ಳುವವರಿಗೆ ಮೊದಲ ದಿನವೇ ಹೇಳಿಬಿಡಿ: ಈ ಸಾಲಿಗೆ ಎಣ್ಣೆ ಬೇಡ, ಸೋಪು ಬೇಡ, ಔಷಧದ ಜೊತೆ ಬೆರೆಸುವ ಅಂಟೂ ಬೇಡ. ಸ್ಪ್ರಿಂಕ್ಲರ್ ಕೂಡ ಬೇಡ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೊತ್ತೇ ಇದೆ. ಎಲೆ ಮೇಲೆ ಒಣಗಿದರೆ ಸುಣ್ಣ ಚಿಮುಕಿಸಿದ ಹಾಗೆ ಕಲೆ ಉಳಿಯುತ್ತದೆ.

ಇನ್ನು ಗಿಡದ ಆಯ್ಕೆ. ಮೊಬೈಲಿನಲ್ಲಿ ಕಾಣುವ ಬ್ಲೂ ಸ್ಪ್ರೂಸ್ ಆಸೆ ಬಿಡಿ. ಅದು ಕೊಲೊರಾಡೊ ಕಡೆಯ ಹಿಮಬೀಳುವ ಬೆಟ್ಟಗಳ ಮರ. ಕೋಲಾರದ ಡಿಸೆಂಬರ್ ರಾತ್ರಿ ಅದರ ಪಾಲಿಗೆ ಚಳಿಯೇ ಅಲ್ಲ, ಹಾಗಾಗಿ ಬೀಜದ ಪೊಟ್ಟಣಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ನಮ್ಮ ಕಡೆಯ ಹಳೆಯ ನೀಲಿಛಾಯೆಯ ಮರವೆಂದರೆ ನೀಲಗಿರಿ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದಲ್ಲಿ ನೆಡಿಸಿದಲ್ಲಿಂದ ಶುರುವಾದ ಅದರ ಕಥೆ 2017ರಲ್ಲಿ ಸರ್ಕಾರ ನಾಟಿಯನ್ನೇ ನಿಷೇಧಿಸುವಲ್ಲಿಗೆ ಬಂದು ನಿಂತಿದೆ. ಅರಿಜೋನಾ ಸೈಪ್ರೆಸ್ ಅಮೆರಿಕದ ನೈಋತ್ಯ ಭಾಗ ಮತ್ತು ಉತ್ತರ ಮೆಕ್ಸಿಕೋದ ಒಣ ಕಲ್ಲುಗುಡ್ಡಗಳಿಂದ ಬಂದದ್ದು. ಮಧುಗಿರಿ ಬೆಟ್ಟದ ಬುಡದ ಗರಸು ನೆಲಕ್ಕೂ ಏಪ್ರಿಲ್ ಬಿಸಿಲಿಗೂ ಅದು ಹೆದರುವುದಿಲ್ಲ. ಅದಕ್ಕೆ ಆಗದಿರುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ನಮ್ಮ ಜಡಿಮಳೆ: ಬೆಚ್ಚಗಿನ ಗಾಳಿ, ಆರದ ಎಲೆ, ನೀರು ಬಸಿಯದ ಬೇರು. ಆದ್ದರಿಂದ ಐವತ್ತು ಗಿಡ ಒಮ್ಮೆಗೇ ತರಬೇಡಿ. ಜಾಗದ ಮೂರು ಬೇರೆ ಬೇರೆ ಕಡೆ ಮೂರು ಗಿಡ ನೆಟ್ಟು ಒಂದು ಮಳೆಗಾಲ ದಾಟಿಸಿ. ಎಲ್ಲಿ ನಳನಳಿಸುತ್ತದೋ ಅಲ್ಲಿ ಸಾಲು ಹಾಕಿ.

ನರ್ಸರಿಗಳಲ್ಲಿ ಸೈಪ್ರೆಸ್ ಎಂಬ ಹೆಸರಿನಡಿ ಏನೇನೋ ಮಾರುತ್ತಾರೆ. ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ನಿಂತಿದ್ದರೆ ಅದು ಮೋರ್‌ಪಂಖಿ, ಬೇರೆಯೇ ಗಿಡ. ಅರಿಜೋನಾದ ಸಣ್ಣ ಕವಲುಗಳು ನಾಲ್ಕೂ ದಿಕ್ಕಿಗೆ ಒಡೆಯುತ್ತವೆ, ಎಲೆ ಪೊರೆಯಂತೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಅಂಟಿನ ಚುಕ್ಕೆಗಳಿರುತ್ತವೆ. ಒಂದು ಚಿಗುರನ್ನು ಹೆಬ್ಬೆರಳಿನಿಂದ ಎರಡು ಸಲ ಉಜ್ಜಿ. ಬೆರಳಿಗೆ ಬೂದಿ ಹತ್ತಿ ಕೆಳಗೆ ಹಸಿರು ಕಂಡರೆ, ಘಾಟು ಮೂಗಿಗೆ ಬಡಿದರೆ, ಸರಿಯಾದ ಗಿಡ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಒಂದು ನೀಲಿ, ಪಕ್ಕದ್ದು ಹಸಿರು ಆಗುವುದು ಸಾಮಾನ್ಯ. ಬ್ಲೂ ಐಸ್, ಕೆರೊಲಿನಾ ಸಫಾಯರ್ ತಳಿಗಳನ್ನು ಕಸಿ ಅಥವಾ ಕಡ್ಡಿಯಿಂದ ಬೆಳೆಸುವುದರಿಂದ ಇಡೀ ಸಾಲು ಒಂದೇ ಬಣ್ಣದಲ್ಲಿ ಬರುತ್ತದೆ. ಆರಡಿ ಗಿಡಕ್ಕೆ ದುಡ್ಡು ಸುರಿಯುವುದಕ್ಕಿಂತ ಎರಡೂವರೆ ಅಡಿಯ ಗಿಡವೇ ವಾಸಿ. ದೊಡ್ಡ ಗಿಡದ ಬೇರು ಕವರಿನೊಳಗೆ ಸುತ್ತು ಹಾಕಿ ಹಗ್ಗದಂತಾಗಿರುತ್ತದೆ, ನಾಲ್ಕು ವರ್ಷದ ಮೇಲೆ ಗಾಳಿಗೆ ಬುಡಸಮೇತ ವಾಲುವುದು ಅಂಥವೇ. ಶೇಡ್‌ನೆಟ್ ಅಡಿಯಿಂದ ತಂದದ್ದಾದರೆ ಒಂದು ವಾರ ಬೆಳಗಿನ ಬಿಸಿಲು ಮಾತ್ರ ತೋರಿಸಿ, ಆಮೇಲೆ ನೆಡಿ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ತೋಡಿದ ಮೇಲೆ ಅಂಚಿನವರೆಗೆ ನೀರು ತುಂಬಿ ಬಿಡಿ. ಮರುದಿನ ಅದೇ ಹೊತ್ತಿಗೆ ತಳದಲ್ಲಿ ಇನ್ನೂ ನೀರು ನಿಂತಿದ್ದರೆ ಕೆಳಗೆ ಗಟ್ಟಿ ಪದರ ಇದೆ ಎಂದರ್ಥ. ಅಲ್ಲಿ ಗುಂಡಿಯಲ್ಲಿ ನೆಡದೆ, ಒಂದೂವರೆ ಅಡಿ ಎತ್ತರ, ಐದಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಐದು ಕೆ.ಜಿ., ಬೇವಿನ ಹಿಂಡಿ ಕಾಲು ಕೆ.ಜಿ. ಸಾಕು. ಹಿಂಡಿ ಮಣ್ಣೊಳಗೆ ಇರುವುದರಿಂದ ಮೇಣಕ್ಕೆ ತೊಂದರೆಯಿಲ್ಲ. ಯೂರಿಯಾ ಬೇಡವೇ ಬೇಡ, ಅದರಿಂದ ಕಡ್ಡಿ ಮೆತ್ತಗಾಗಿ ಬಾಗುತ್ತದೆ. ಕವರ್ ಬಿಚ್ಚಿ ಮಣ್ಣಿನ ಉಂಡೆಯ ಸುತ್ತ ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಗೀರು ಎಳೆಯಿರಿ, ಅರ್ಧ ಇಂಚು ಆಳಕ್ಕೆ. ಸುತ್ತು ಬೇರು ತುಂಡಾಗಿ ಹೊರಮುಖವಾಗಿ ಹೊಸದು ಬರುತ್ತದೆ. ಕವರಿನಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ನೆಲದಲ್ಲೂ ಅಲ್ಲಿಯವರೆಗೇ ಇರಲಿ. ಕಾಂಡಕ್ಕೆ ಮಣ್ಣೇರಿಸಿದರೆ ಬುಡ ಕೊಳೆಯುತ್ತದೆ. ಹುಲ್ಲಿನ ಮುಚ್ಚಿಗೆ ಹಾಕುವುದಾದರೆ ಕಾಂಡದಿಂದ ಗೇಣು ದೂರ ಬಿಡಿ, ಇಲ್ಲದಿದ್ದರೆ ಗೆದ್ದಲಿಗೆ ನಾವೇ ಮೆಟ್ಟಿಲು ಕಟ್ಟಿದಂತೆ.

ನೆಡುವ ಕಾಲ ಜೂನ್, ಮೊದಲ ಹದ ಮಳೆ ಬಿದ್ದ ಮೇಲೆ. ಜಡಿಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಮೊದಲ ವರ್ಷ ಗಂಟೆಗೆ ನಾಲ್ಕು ಲೀಟರಿನ ಎರಡು ಡ್ರಿಪ್ಪರ್, ಕಾಂಡದಿಂದ ಒಂದಡಿ ದೂರದಲ್ಲಿ ಎರಡು ಬದಿಗೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಎರಡೆರಡು ಗಂಟೆ ಓಡಿಸಿದರೆ ಪ್ರತಿ ಸಲ ಗಿಡಕ್ಕೆ 16 ಲೀಟರ್ ಸಿಗುತ್ತದೆ. ದಿನಾ ಹತ್ತು ನಿಮಿಷ ಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ನೀರು ಮೇಲೆಯೇ ಸಿಕ್ಕರೆ ಬೇರು ಕೆಳಗಿಳಿಯುವುದಿಲ್ಲ. ಮಳೆ ಬಂದ ವಾರ ಗೇಟ್‌ವಾಲ್ವ್ ಮುಟ್ಟಬೇಡಿ. ಮೂರನೆಯ ವರ್ಷದಿಂದ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು.

ಅಂತರದ ವಿಷಯಕ್ಕೆ ಎಲ್ಲರೂ ಆತುರಪಡುತ್ತಾರೆ. 100 ಅಡಿ ಬೇಲಿಗೆ ಎಂಟು ಅಡಿಗೊಂದರಂತೆ 13 ಗಿಡ ಹಿಡಿಯುತ್ತವೆ. ಬೇಗ ಮರೆಯಾಗಲೆಂದು ನಾಲ್ಕಡಿಗೆ ಇಳಿಸಿ 26 ನೆಡುವವರೇ ಹೆಚ್ಚು. ಮೂರು ವರ್ಷ ಚೆಂದ. ಆಮೇಲೆ ಒಂದಕ್ಕೊಂದು ತಾಗಿ ಒಳಗೆ ಗಾಳಿಯಾಡದು, ಅಕ್ಟೋಬರಿನ ತೇವ ಆರದು, ನಡುವಿನ ಗಿಡಗಳು ಒಣಗತೊಡಗುತ್ತವೆ. ಮರ ಬಲಿತ ಮೇಲೆ ಎತ್ತರ 20 ಅಡಿ ಮೀರುವುದರಿಂದ ಕಾಂಪೌಂಡಿನಿಂದ ಆರಡಿ ದೂರ ಬಿಟ್ಟು ಒಳಗಡೆ ಇರಲಿ, ವಿದ್ಯುತ್ ತಂತಿಯ ಕೆಳಗೆ ಬೇಡ. 30x40 ಸೈಟಿಗೆ ಈ ಮರ ಅಲ್ಲ, ಕಣಗಿಲೆ ನೋಡಿ. ಕಾಯುವಷ್ಟು ವ್ಯವಧಾನವಿಲ್ಲದಿದ್ದರೆ ಸಾಲಿನ ಹೊರಗಡೆ, ಐದಡಿ ಬಿಟ್ಟು, ತೊಗರಿ ಬಿತ್ತಿ. ಆರು ತಿಂಗಳಲ್ಲಿ ಆಳೆತ್ತರದ ಮರೆ, ಜೊತೆಗೆ ಮನೆಗೆ ಸೊಗಡು ತೊಗರಿಕಾಯಿ. ಬೇಲಿಯಾಚೆ ಒಣಹುಲ್ಲಿಗೆ ಬೆಂಕಿ ಹಾಕುವ ಅಭ್ಯಾಸವಿರುವ ಕಡೆ ಹತ್ತಡಿ ಪಟ್ಟಿ ಕೆರೆದು ಸ್ವಚ್ಛವಾಗಿಡಿ. ಅಂಟು ತುಂಬಿದ ಮರ, ಹತ್ತಿದರೆ ಆರಿಸುವುದು ಕಷ್ಟ.

ಇನ್ನೊಂದು ಮಾತು, ಇದು ರುಚಿಯ ವಿಚಾರ: 100 ಅಡಿಯುದ್ದಕ್ಕೂ ಬರೀ ನೀಲಿ ಹಾಕಿದರೆ ದೂರಕ್ಕೆ ಸಿಮೆಂಟ್ ಗೋಡೆಯಂತೆ ಕಾಣುತ್ತದೆ. ಹಿಂದೆ ಹೊಂಗೆಯಂಥ ಕಡುಹಸಿರು, ಮುಂದೆ ಮೂರೋ ಐದೋ ನೀಲಿ ಗಿಡ ಇದ್ದರೆ ಅದೇ ಬಣ್ಣ ಎದ್ದು ಕಾಣುತ್ತದೆ.

ಕತ್ತರಿ ಹಾಕುವಾಗ ಹಸಿರು ತುದಿಯನ್ನಷ್ಟೇ ಸವರಿ. ಎಲೆಯಿಲ್ಲದ ಕಂದು ಕಡ್ಡಿಯವರೆಗೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರದು, ಬೋಳು ಬೋಳಾಗಿಯೇ ಉಳಿಯುತ್ತದೆ. ಡುರಾಂಟಾ ಬೇಲಿಗಿಡವನ್ನೋ ಕಣಗಿಲೆಯನ್ನೋ ಕತ್ತರಿಸಿ ಪಳಗಿದ ಕೈ ಇಲ್ಲಿ ಎಡವುವುದು ಇದರಲ್ಲೇ. ಎರಡು ತುದಿ ಮೇಲೇಳುತ್ತಿದ್ದರೆ ಎಳೆಯದಾಗಿರುವಾಗಲೇ ಒಂದನ್ನು ತೆಗೆಯಿರಿ. ಈ ಕೆಲಸ ಜನವರಿ-ಫೆಬ್ರವರಿಯ ಒಣ ದಿನಗಳಲ್ಲಿ ಆಗಲಿ, ಮಳೆಗಾಲದ ಗಾಯಕ್ಕೆ ಶಿಲೀಂಧ್ರ ಬೇಗ ಹತ್ತುತ್ತದೆ.

ಒಣಗುವುದರಲ್ಲಿ ಮೂರು ಬಗೆ, ಮೂರಕ್ಕೂ ಮದ್ದು ಬೇರೆ. ಒಳಭಾಗದ ಹಳೆಯ ಎಲೆಗಳು ಎಲ್ಲ ಕಡೆ ಸಮನಾಗಿ ಕಂದಾಗಿ ಉದುರಿದರೆ ಅದು ಸಹಜ, ಸುಮ್ಮನಿರಿ. ಒಂದೇ ಒಂದು ಕೊಂಬೆ ಹಳದಿಯಾಗಿ ಆಮೇಲೆ ಕೆಂಪು ಕಂದಾಗಿ, ಅದರ ಬುಡದಲ್ಲಿ ತೊಗಟೆ ಸೀಳಿ ಅಂಟು ಸೋರುತ್ತಿದ್ದರೆ ಅದು ಕ್ಯಾಂಕರ್ ಎಂಬ ತೊಗಟೆಯ ಶಿಲೀಂಧ್ರ ರೋಗ. ಯಾವ ಔಷಧ ಹೊಡೆದರೂ ವಾಸಿಯಾಗದು. ಸೋರುವ ಜಾಗಕ್ಕಿಂತ ಅರ್ಧ ಅಡಿ ಕಾಂಡದ ಕಡೆಗೆ, ಒಳ್ಳೆಯ ಕಟ್ಟಿಗೆಯಲ್ಲಿ ಕತ್ತರಿಸಿ ಸುಡಬೇಕು, ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಅಂಟು ನಡುಕಾಂಡದಲ್ಲೇ ಸೋರುತ್ತಿದ್ದರೆ ಮರ ಹೋದಂತೆಯೇ, ಪಕ್ಕದವಕ್ಕೆ ಹರಡುವ ಮೊದಲು ತೆಗೆಯಿರಿ.

ಮೂರನೆಯದು ಬೇಸಿಗೆಯ ನುಸಿ. ಫೆಬ್ರವರಿಯಿಂದ ಮೇವರೆಗೆ, ಅದರಲ್ಲೂ ರಸ್ತೆಯ ಧೂಳು ಕೂರುವ ಸಾಲಿನಲ್ಲಿ, ನೀಲಿ ಮಾಸಿ ತಾಮ್ರದ ಛಾಯೆ ಬರುತ್ತದೆ. ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ಬಡಿಯಿರಿ. ಧೂಳು ಬಿದ್ದಲ್ಲೇ ಇರುತ್ತದೆ, ನುಸಿಯಾದರೆ ಅರ್ಧ ನಿಮಿಷದಲ್ಲಿ ಚುಕ್ಕೆಗಳು ಹರಿದಾಡತೊಡಗುತ್ತವೆ. ಬೆರಳಾಡಿಸಿದರೆ ಹಾಳೆ ಮೇಲೆ ಕಂದು ಗೆರೆ ಮೂಡುತ್ತದೆ. ಹತ್ತಾರು ಕಂಡರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಬೆಳಗ್ಗೆ ಎಂಟರೊಳಗೆ, ಅಂಟು ಬೆರೆಸದೆ ಹೊಡೆಯಿರಿ. ಮಧ್ಯಾಹ್ನದ ಬಿಸಿಲು 32 ಡಿಗ್ರಿ ದಾಟುವ ವಾರಗಳಲ್ಲಿ ಗಂಧಕ ಎಲೆ ಸುಡುತ್ತದೆ. ಆಗ ಮಳೆನೀರು ಸಂಗ್ರಹವಿದ್ದರೆ ಸಂಜೆಗಲ್ಲ, ಬೆಳಗ್ಗೆ, ಕಡಿಮೆ ಒತ್ತಡದಲ್ಲಿ ಕೊಂಬೆಗಳನ್ನು ತೊಳೆದು ಬಿಡಿ. ನಾಲ್ಕೈದು ಹುಳ ಹರಿದಾಡಿದ್ದಕ್ಕೆ ಪಂಪ್ ಹೊರುವ ಅಗತ್ಯವಿಲ್ಲ, ಹತ್ತು ದಿನ ಬಿಟ್ಟು ಮತ್ತೆ ಹಾಳೆ ಹಿಡಿಯಿರಿ.