ತಲುಪದ ಮೇಲ್‌ಗೆ ಮರುಪ್ರಯತ್ನ: ಎಷ್ಟು ಬೇಗ, ಎಷ್ಟು ದಿನ?

ಪ್ರಶ್ನೆ: ಮೇಲ್ ರವಾನಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ನಡೆಯುವ ನಮ್ಮ ಸರ್ವರ್‌ನಲ್ಲಿ ಕೆಲವು ಮೇಲ್‌ಗಳು ದಿನಗಟ್ಟಲೆ ಕ್ಯೂನಲ್ಲೇ ಉಳಿದು, ಐದನೇ ದಿನ ವಾಪಸ್ಸು ಬರುತ್ತವೆ. ನಿಮಿಷಕ್ಕೊಮ್ಮೆ ಮರುಪ್ರಯತ್ನ ಮಾಡುವಂತೆ ಹೊಂದಿಸಬಹುದೇ?

ಹೊಂದಿಸಬಹುದು, ಆದರೆ ಬೇಡ. ಮೊದಲು ಲಾಗ್ (ಸರ್ವರ್‌ನ ಚಟುವಟಿಕೆಯ ದಾಖಲೆ) ತೆರೆದು ಎದುರಿನ ಸರ್ವರ್ ಕೊಟ್ಟ ಸಂಕೇತ ನೋಡಿ. 5ರಿಂದ ಶುರುವಾದರೆ ಅದು ಖಡಾಖಂಡಿತ ನಿರಾಕರಣೆ. ಮೇಲ್ ಕೂಡಲೇ ಹಿಂದಿರುಗುತ್ತದೆ, ಮರುಪ್ರಯತ್ನದ ಮಾತೇ ಇಲ್ಲ. 4ರಿಂದ ಶುರುವಾದರೆ ‘ಈಗ ಆಗದು, ಆಮೇಲೆ ಬನ್ನಿ’ ಎಂದರ್ಥ. ಕ್ಯೂನಲ್ಲಿ ಕಾಯುವ ಮೇಲ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಸಂಪರ್ಕವೇ ಸಿಗದವೂ ಜೊತೆಗಿರುತ್ತವೆ.

ಪೋಸ್ಟ್‌ಫಿಕ್ಸ್ ಕಾಯುವ ರೀತಿ ಸೊಗಸಾಗಿದೆ. ಮೇಲ್ ಕ್ಯೂನಲ್ಲಿ ಎಷ್ಟು ಹೊತ್ತು ಕಳೆದಿದೆಯೋ ಸುಮಾರಾಗಿ ಅಷ್ಟೇ ಹೊತ್ತು ಮುಂದಿನ ಪ್ರಯತ್ನಕ್ಕೂ ಕಾಯುತ್ತದೆ. ಮೊದಲು ಐದು ನಿಮಿಷ, ಆಮೇಲೆ ಹತ್ತು, ಇಪ್ಪತ್ತು, ನಲವತ್ತು, ಹೀಗೆ. ಈ ಕಾಯುವಿಕೆಯ ಕೆಳಮಿತಿ ‘ಮಿನಿಮಲ್_ಬ್ಯಾಕ್‌ಆಫ್_ಟೈಮ್’ ಎಂಬ ಸೆಟ್ಟಿಂಗ್, ಮೂಲತಃ 300 ಸೆಕೆಂಡ್. ಮೇಲ್ಮಿತಿ ‘ಮ್ಯಾಕ್ಸಿಮಲ್_ಬ್ಯಾಕ್‌ಆಫ್_ಟೈಮ್’, 4000 ಸೆಕೆಂಡ್. ಕೆಳಮಿತಿಯೊಂದನ್ನೇ 60ಕ್ಕೆ ಇಳಿಸಿ ಫಲವಿಲ್ಲ: ಕ್ಯೂವನ್ನು ತಿರುಗಿ ನೋಡುವ ಅವಧಿ, ‘ಕ್ಯೂ_ರನ್_ಡಿಲೇ’, ಅದೂ 300 ಸೆಕೆಂಡೇ. ಎರಡನ್ನೂ ಇಳಿಸಿದಿರೋ, ಮೊದಲೇ ಏದುಸಿರು ಬಿಡುತ್ತಿರುವ ಎದುರಿನ ಸರ್ವರ್‌ನ ಬಾಗಿಲನ್ನು ಪದೇ ಪದೇ ಬಡಿದಂತೆ. ಅದು ನಿಮ್ಮನ್ನು ಇನ್ನಷ್ಟು ದೂರವಿಟ್ಟರೆ ಆಶ್ಚರ್ಯವಿಲ್ಲ. ಅಪರಿಚಿತ ಸರ್ವರ್‌ಗಳನ್ನು ಮೊದಲ ಸಲ ಬೇಕೆಂದೇ ಹಿಂದೆ ಕಳಿಸುವ ಗ್ರೇಲಿಸ್ಟಿಂಗ್‌ಗಂತೂ ಅವಸರದಿಂದ ಏನೂ ಆಗದು, ಅದು ನಿಗದಿ ಮಾಡಿದ ಹೊತ್ತು ಕಳೆಯಲೇಬೇಕು.

ಐದು ದಿನದ ಲೆಕ್ಕ ‘ಮ್ಯಾಕ್ಸಿಮಲ್_ಕ್ಯೂ_ಲೈಫ್‌ಟೈಮ್’ ಎಂಬಲ್ಲಿದೆ. ಸರ್ವರ್‌ಗಳು ಪರಸ್ಪರ ಮೇಲ್ ರವಾನಿಸುವ ನಿಯಮಾವಳಿ ಎಸ್‌ಎಂಟಿಪಿಯ 2008ರ ಮಾನದಂಡ, ಆರ್‌ಎಫ್‌ಸಿ 5321, ಕೈಬಿಡುವ ಮೊದಲು ಕನಿಷ್ಠ 4–5 ದಿನವಾದರೂ ಪ್ರಯತ್ನಿಸಿ ಎನ್ನುತ್ತದೆ. ಶುಕ್ರವಾರ ಸಂಜೆ ಕೆಟ್ಟ ಸರ್ವರ್ ಸೋಮವಾರ ಸರಿಹೋಗುವುದು ಅಪರೂಪವೇನಲ್ಲ. ಒಂದು ದಿನಕ್ಕೆ ಇಳಿಸಿದವರ ಮೇಲ್‌ಗಳು ಅಷ್ಟರಲ್ಲಿ ಹಿಂದಿರುಗಿರುತ್ತವೆ. ಹತ್ತು ನಿಮಿಷದಲ್ಲೇ ಹಳಸುವ ಒಟಿಪಿ ಮೇಲ್‌ಗಳ ವಿಷಯ ಬೇರೆ. ಅವಕ್ಕೆ ಪೋಸ್ಟ್‌ಫಿಕ್ಸ್‌ನ ಪ್ರತ್ಯೇಕ ಇನ್‌ಸ್ಟನ್ಸ್ (ತನ್ನದೇ ಸೆಟ್ಟಿಂಗ್ ಇರುವ ಇನ್ನೊಂದು ಪ್ರತಿ) ನಡೆಸಿ, ಅಲ್ಲಿ ಮಾತ್ರ ಅವಧಿ ಕಡಿಮೆ ಮಾಡಿ.

ನನ್ನನ್ನು ಕೇಳಿದರೆ, ನಿಮ್ಮ ಬಳಕೆದಾರರ ದೂರು ಮೇಲ್ ತಡವಾಯಿತೆಂಬುದಕ್ಕಿಂತ ಯಾರೂ ಹೇಳಲಿಲ್ಲವೆಂಬುದಿರಬೇಕು. ‘ಡಿಲೇ_ವಾರ್ನಿಂಗ್_ಟೈಮ್’ ಮೂಲತಃ ಸೊನ್ನೆ, ಅಂದರೆ ಬಂದ್. ಅದನ್ನು ನಾಲ್ಕು ಗಂಟೆಗೆ ಇಟ್ಟರೆ ‘ಇನ್ನೂ ತಲುಪಿಲ್ಲ, ಪ್ರಯತ್ನ ನಡೆದಿದೆ’ ಎಂಬ ಸೂಚನೆ ಕಳುಹಿಸಿದವರಿಗೆ ಹೋಗುತ್ತದೆ. ಫೋನ್ ಮಾಡುವುದೋ ಬೇರೆ ವಿಳಾಸಕ್ಕೆ ಕಳುಹಿಸುವುದೋ ಅವರೇ ತೀರ್ಮಾನಿಸುತ್ತಾರೆ.

ಎದುರಿನವರು ಸರಿಪಡಿಸಿದ್ದೇವೆ ಎಂದು ತಿಳಿಸಿದಾಗ ‘ಪೋಸ್ಟ್‌ಕ್ಯೂ’ ಆಜ್ಞೆಯನ್ನು ‘-ಐ’ ಮತ್ತು ಕ್ಯೂ ಸಂಖ್ಯೆಯೊಂದಿಗೆ ಕೊಟ್ಟರೆ ಆ ಒಂದು ಮೇಲ್ ತಕ್ಷಣ ಹೊರಡುತ್ತದೆ. ಇಡೀ ಕ್ಯೂವನ್ನೇ ಎಬ್ಬಿಸುವ ‘-ಎಫ್’ ಅನ್ನು ಕ್ರಾನ್‌ಗೆ (ನಿಗದಿತ ಹೊತ್ತಿಗೆ ಆಜ್ಞೆಗಳನ್ನು ತಾನಾಗಿ ನಡೆಸುವ ವ್ಯವಸ್ಥೆಗೆ) ಹಾಕಬೇಡಿ. ಸತ್ತ ವಿಳಾಸಗಳಿಗೆ ಮತ್ತೆ ಮತ್ತೆ ಬಡಿದಾಡುತ್ತಾ ಅದು ಹೊಸ ಮೇಲ್‌ಗಳನ್ನೂ ತಡಮಾಡುತ್ತದೆ.