ಗುಪ್ತ ವಂಶದ ಕಥೆ: ರೆನ್-ಲ-ಶಾತೊ ಪದರ ಪದರವಾಗಿ

ಯೇಸುವಿಗೂ ಮಗ್ದಲದ ಮರಿಯಳಿಗೂ ಮದುವೆಯಾಗಿತ್ತು, ಮಕ್ಕಳಿದ್ದರು, ಆ ಸಂತತಿ ಫ್ರಾನ್ಸಿನ ರಾಜಮನೆತನದಲ್ಲಿ ಬೆರೆತು ಇವತ್ತಿಗೂ ಗುಟ್ಟಾಗಿ ಉಳಿದಿದೆ. ಈ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು 2003ರ 'ದ ಡಾ ವಿಂಚಿ ಕೋಡ್' ಕಾದಂಬರಿಯಿಂದ, ಇಲ್ಲವೇ ಅದರ ಸಿನಿಮಾದಿಂದ. ನಾನೂ ಹಾಗೇ ಕೇಳಿದವನು. ಆಮೇಲೆ ಇದರ ಬುಡ ಹುಡುಕುತ್ತಾ ಹೋದೆ. ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ ಅಂದುಕೊಂಡಿದ್ದೆ. 1956ಕ್ಕೇ ದಾರಿ ಮುಗಿದುಹೋಯಿತು.

ಓದುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಿ. ಈ ಕಥೆ ಒಮ್ಮೆಲೇ ಹುಟ್ಟಿದ್ದಲ್ಲ. ಒಬ್ಬರ ಮೇಲೊಬ್ಬರು ಮಹಡಿ ಕಟ್ಟುತ್ತಾ ಹೋದರು. ಯಾವ ಮಹಡಿ ಯಾರದು ಅಂತ ಗೊತ್ತಾದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಪಾದ್ರಿಗೆ ದುಡ್ಡು ಎಲ್ಲಿಂದ ಬಂತು?

ದಕ್ಷಿಣ ಫ್ರಾನ್ಸಿನ ಓದ್ ಜಿಲ್ಲೆಯಲ್ಲಿ, ಕಾರ್ಕಸೋನ್ ಪಟ್ಟಣದ ದಕ್ಷಿಣಕ್ಕೆ, ಗುಡ್ಡದ ಮೇಲೆ ರೆನ್-ಲ-ಶಾತೊ ಎಂಬ ಪುಟ್ಟ ಹಳ್ಳಿ ಇದೆ. ಅಲ್ಲಿನ ಚರ್ಚು ಮಗ್ದಲದ ಮರಿಯಳ ಹೆಸರಿನದು. 1885ರಲ್ಲಿ ಬೆರಾಂಜೆ ಸೋನ್ಯೇರ್ ಎಂಬ ಪಾದ್ರಿ ಅಲ್ಲಿಗೆ ಬಂದ. ಬಂದಾಗ ಚರ್ಚು ಸೋರುತ್ತಿತ್ತು, ಪಾದ್ರಿಯ ಕೈ ಬರಿದಾಗಿತ್ತು. ಕೆಲವು ವರ್ಷಗಳಲ್ಲಿ ಅವನು ಚರ್ಚನ್ನು ರಿಪೇರಿ ಮಾಡಿಸಿದ. ಬಾಗಿಲ ಹತ್ತಿರ ತೀರ್ಥದ ತೊಟ್ಟಿ ಹೊತ್ತ ದೆವ್ವದ ಗೊಂಬೆ ಇಡಿಸಿದ. ಆಮೇಲೆ 'ವಿಲ್ಲಾ ಬೆತಾನಿಯಾ' ಎಂಬ ದೊಡ್ಡ ಮನೆ ಎದ್ದಿತು. 'ತೂರ್ ಮಗ್ದಲಾ' ಎಂಬ ಗೋಪುರ ಎದ್ದಿತು. ತೋಟವೂ ಬಂತು. ಆಸ್ತಿಯನ್ನು ಮನೆಗೆಲಸದ ಮಾರಿ ದೆನಾರ್ನೋ ಹೆಸರಿನಲ್ಲಿ ಕೊಂಡ.

ನಿಧಿ ಸಿಕ್ಕಿತು ಅಂತ ಜನ ಮಾತಾಡದೆ ಇರುತ್ತಾರಾ? ಬಿಷಪ್‌ಗೂ ಅನುಮಾನ ಬಂತು, ಲೆಕ್ಕ ಕೇಳಿದರು. 1910–11ರ ಚರ್ಚ್ ವಿಚಾರಣೆಯಲ್ಲಿ ಹೊರಬಿದ್ದ ವಿಷಯ ನಿಧಿಗಿಂತ ಸಪ್ಪೆ. ಕಥೋಲಿಕರಲ್ಲಿ ಸತ್ತವರಿಗಾಗಿ, ಹರಕೆಗಾಗಿ ಕಾಣಿಕೆ ಕೊಟ್ಟು ಬಲಿಪೂಜೆ ಹೇಳಿಸುವ ರೂಢಿ ಇದೆ. ನಮ್ಮ ಮಂಗಳೂರಿನ ಚರ್ಚುಗಳಲ್ಲೂ ನೋಡಿರುತ್ತೀರಿ. ಸೋನ್ಯೇರ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಊರೂರಿನಿಂದ ಅಂಚೆಯಲ್ಲಿ ಪೂಜೆಯ ಕಾಣಿಕೆ ತರಿಸಿಕೊಳ್ಳುತ್ತಿದ್ದ. ದಿನಕ್ಕೆ ಒಂದು ಪೂಜೆ ಹೇಳುವ ಪಾದ್ರಿ ಸಾವಿರಾರು ಪೂಜೆಗಳ ದುಡ್ಡು ತೆಗೆದುಕೊಂಡರೆ ಉಳಿದವನ್ನು ಹೇಳುವುದು ಯಾವಾಗ? ಅವನನ್ನು ಪೌರೋಹಿತ್ಯದಿಂದ ಅಮಾನತು ಮಾಡಿದರು. 1917ರ ಜನವರಿಯಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಸಾಲಕ್ಕಾಗಿ ಓಡಾಡಿದ್ದ. ನಿಧಿ ಸಿಕ್ಕವನ ಲಕ್ಷಣವಲ್ಲ ಅದು.

ಗಮನಿಸಿ, ಇಲ್ಲಿಯವರೆಗೆ ಯೇಸುವಿನ ವಂಶದ ಸುದ್ದಿಯೇ ಇಲ್ಲ.

ಹೋಟೆಲ್ ಮಾಲೀಕನ ಮಹಡಿ

1946ರಲ್ಲಿ ನೊಯೆಲ್ ಕೋರ್ಬು ಎಂಬಾತ ಆ ಆಸ್ತಿ ಕೊಂಡ. ಮಾರಿ 1953ರಲ್ಲಿ ತೀರಿಕೊಂಡಳು. 1955ರಲ್ಲಿ ಕೋರ್ಬು ಅಲ್ಲೇ ಹೋಟೆಲ್ ತೆರೆದ. ಗುಡ್ಡ ಹತ್ತಿ ಊಟಕ್ಕೆ ಯಾರು ಬರುತ್ತಾರೆ? ಬರುವುದಕ್ಕೆ ಒಂದು ಕಾರಣ ಬೇಕಲ್ವಾ? ಗಿರಾಕಿಗಳಿಗೆ ಪಾದ್ರಿಯ ನಿಧಿಯ ಕಥೆ ಹೇಳತೊಡಗಿದ. ಅದನ್ನು ಟೇಪ್ ಮಾಡಿಯೂ ಕೇಳಿಸುತ್ತಿದ್ದ. 1956ರ ಜನವರಿಯಲ್ಲಿ ಅಲ್ಲಿನ ಒಂದು ದಿನಪತ್ರಿಕೆ ಅದನ್ನು ಕಂತುಗಳಲ್ಲಿ ಅಚ್ಚು ಹಾಕಿತು. ಕೋರ್ಬು ಹೇಳಿದ ನಿಧಿ ಹದಿಮೂರನೇ ಶತಮಾನದ ರಾಣಿಯೊಬ್ಬಳ ಚಿನ್ನ. ಬರೀ ಚಿನ್ನ. ಜನ ಗುದ್ದಲಿ ಹಿಡಿದು ಬಂದರು. ಕೊನೆಗೆ ಅನುಮತಿ ಇಲ್ಲದೆ ನೆಲ ಅಗೆಯಬಾರದು ಅಂತ ಊರಿನ ಆಡಳಿತ ಆದೇಶ ಹೊರಡಿಸಬೇಕಾಯಿತು.

ಪ್ಲಾಂತಾರ್‌ನ ಮಹಡಿ

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕಥೆಯ ನಿಜವಾದ ಶಿಲ್ಪಿ ಪಿಯೇರ್ ಪ್ಲಾಂತಾರ್ (1920–2000). 1940ರ ಡಿಸೆಂಬರ್‌ನಲ್ಲಿ, ಜರ್ಮನ್ನರು ಫ್ರಾನ್ಸನ್ನು ಹಿಡಿದುಕೊಂಡಿದ್ದಾಗ, ಈ ಇಪ್ಪತ್ತರ ಹುಡುಗ ಆಗಿನ ಫ್ರೆಂಚ್ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತಾಂಗೆ ಪತ್ರ ಬರೆದು ಯಹೂದಿ ಮತ್ತು ಫ್ರೀಮೇಸನ್ ಸಂಚಿನ ಬಗ್ಗೆ ಎಚ್ಚರಿಸಿದ್ದ. ಗುಪ್ತ ಸಂಘ, ಗುಪ್ತ ಶತ್ರು, ಗುಪ್ತ ರಾಜ ಎನ್ನುವ ಹುಚ್ಚು ಅವನಿಗೆ ಮೊದಲಿಂದಲೂ ಇತ್ತು. ಈ ಕಥೆಯನ್ನು ಸುಮ್ನೆ ತಮಾಷೆ ಅಂತ ಓದುವವರು ಈ ಪತ್ರವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು ಅಂತ ನನ್ನ ಅಭಿಪ್ರಾಯ.

1956ರಲ್ಲಿ ಅವನೂ ಗೆಳೆಯರೂ ಸ್ವಿಸ್ ಗಡಿಯ ಹತ್ತಿರದ ಸೇಂಟ್-ಜೂಲಿಯನ್ ಎಂಬ ಊರಿನ ಸರ್ಕಾರಿ ಕಚೇರಿಯಲ್ಲಿ ಒಂದು ಸಂಘವನ್ನು ನೋಂದಣಿ ಮಾಡಿಸಿದರು. ಹೆಸರು 'ಪ್ರಯರಿ ಆಫ್ ಸಾಯನ್', ಅಂದರೆ ಸಿಯೋನ್ ಮಠ. ಜೆರುಸಲೇಮಿನ ಸಿಯೋನ್ ಬೆಟ್ಟ ನೆನಪಾಗುತ್ತದೆ, ಆದರೆ ಹೆಸರು ಬಂದದ್ದು ಅಲ್ಲೇ ಹತ್ತಿರದ ಮೋಂ ಸಿಯೋನ್ ಎಂಬ ಗುಡ್ಡದಿಂದ. ಆ ಸಂಘದ ಪತ್ರಿಕೆಯಲ್ಲಿ ಬರುತ್ತಿದ್ದದ್ದು ಕಡಿಮೆ ಬಾಡಿಗೆಯ ಮನೆಗಳ ವಿಚಾರ. ನಮ್ಮಲ್ಲಿ ಬಡಾವಣೆ ಕ್ಷೇಮಾಭಿವೃದ್ಧಿ ಸಂಘ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಅರವತ್ತರ ದಶಕದಲ್ಲಿ ಪ್ಲಾಂತಾರ್ ಕೋರ್ಬುವಿನ ಕಥೆಯನ್ನು ತನ್ನ ಕಥೆಗೆ ಹೊಲಿದ. ಫ್ರಾನ್ಸನ್ನು ಮೊದಲು ಆಳಿದ ಮೆರೋವಿಂಜಿಯನ್ ವಂಶದ ರಾಜ ಎರಡನೇ ದಾಗೊಬೇರ್ 679ರಲ್ಲಿ ಕೊಲೆಯಾದ. ಆ ವಂಶದ ಆಳ್ವಿಕೆ 751ರಲ್ಲಿ ಮುಗಿಯಿತು. ಇಷ್ಟು ಇತಿಹಾಸ. ದಾಗೊಬೇರ್‌ನ ಮಗನೊಬ್ಬ ತಪ್ಪಿಸಿಕೊಂಡು ರೆನ್-ಲ-ಶಾತೊಗೆ ಬಂದ, ಅವನ ಸಂತತಿಯೇ ನಾನು, ಆದ್ದರಿಂದ ಫ್ರಾನ್ಸಿನ ಸಿಂಹಾಸನ ನನ್ನದು. ಇದು ಪ್ಲಾಂತಾರ್ ಸೇರಿಸಿದ್ದು.

ಸಾಕ್ಷಿ? ಅವನ ಗೆಳೆಯ ಫಿಲಿಪ್ ದ ಶೆರಿಸೆ ಹಳೆಯ ಲ್ಯಾಟಿನ್ ಚರ್ಮಪತ್ರಗಳನ್ನು ತಯಾರಿಸಿದ. ಸೋನ್ಯೇರ್‌ಗೆ ಚರ್ಚಿನ ಟೊಳ್ಳು ಕಂಬದಲ್ಲಿ ಸಿಕ್ಕ ಪತ್ರಗಳ ನಕಲು ಇವು ಅಂತ ಹೇಳಿದರು. ಒಂದರಲ್ಲಿ ಕೆಲವು ಅಕ್ಷರಗಳನ್ನು ಸಾಲಿನಿಂದ ಸ್ವಲ್ಪ ಮೇಲಕ್ಕೆ ಬರೆದಿದೆ. ಅವನ್ನು ಮಾತ್ರ ಹೆಕ್ಕಿ ಓದಿದರೆ, ಈ ನಿಧಿ ರಾಜ ದಾಗೊಬೇರ್‌ಗೂ ಸಿಯೋನ್‌ಗೂ ಸೇರಿದ್ದು ಎಂಬ ಫ್ರೆಂಚ್ ವಾಕ್ಯ ಸಿಗುತ್ತದೆ. ಮಕ್ಕಳ ಪತ್ರಿಕೆಯ ಒಗಟಿನಷ್ಟು ಸುಲಭ. 1967ರಲ್ಲಿ ಜೆರಾರ್ ದ ಸೆದ್ ಎಂಬ ಲೇಖಕ ಇವನ್ನು ಪುಸ್ತಕವಾಗಿ ಹೊರತಂದ. ಪುಸ್ತಕದ ದುಡ್ಡಿನ ಪಾಲಿಗೆ ಮೂವರೂ ಜಗಳ ಆಡಿಕೊಂಡರು. ಪತ್ರಗಳು ನಕಲಿ ಎಂಬುದು ಅವರ ಬಾಯಿಂದಲೇ ಹೊರಬಿತ್ತು.

ಇನ್ನೊಂದು ಜಾಣತನ ನೋಡಿ. ತಮ್ಮ ಸಂಘ ಶತಮಾನಗಳಿಂದ ಇದೆ ಅಂತ ತೋರಿಸಲು ವಂಶಾವಳಿಗಳನ್ನೂ ಸಂಘದ 'ಮುಖ್ಯಸ್ಥರ' ಪಟ್ಟಿಯನ್ನೂ ಟೈಪ್ ಮಾಡಿ, 'ಗುಪ್ತ ದಾಖಲೆಗಳು' ಅಂತ ಹೆಸರಿಟ್ಟು, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟುಬಂದರು. ಪಟ್ಟಿಯಲ್ಲಿ ಲಿಯೊನಾರ್ಡೊ ಡಾ ವಿಂಚಿ, ನ್ಯೂಟನ್, ವಿಕ್ಟರ್ ಹ್ಯೂಗೊ ಎಲ್ಲರೂ ಇದ್ದಾರೆ. ಆಮೇಲೆ ಹುಡುಕಿಕೊಂಡು ಬಂದವರಿಗೆ ಗ್ರಂಥಾಲಯದ ಕ್ರಮಸಂಖ್ಯೆಯೇ ಸಿಗುತ್ತದೆ! ರಾಷ್ಟ್ರೀಯ ಗ್ರಂಥಾಲಯದಲ್ಲಿ ಇದೆಯಂತೆ ಅಂದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಆದರೆ ಕ್ರಮಸಂಖ್ಯೆ ಹೇಳುವುದು ಕಾಗದ ಅಲ್ಲಿದೆ ಅಂತ ಮಾತ್ರ. ಯಾರು ತಂದಿಟ್ಟರು, ಯಾವಾಗ, ಅದಕ್ಕೂ ಮೊದಲು ಯಾರ ಹತ್ತಿರ ಇತ್ತು ಅಂತ ಕೇಳಬೇಕು.

ಶಾಸನ ಓದುವವರಿಗೆ ಇದು ಗೊತ್ತಿರುವ ವಿಷಯ. ಗಂಗರ ಹೆಸರಿನ ಎಷ್ಟೋ ತಾಮ್ರಶಾಸನಗಳನ್ನು ಶಾಸನತಜ್ಞ ಫ್ಲೀಟ್ ಖೋಟಾ ಅಂದರು, ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ, ದೊಡ್ಡ ವಾದವೇ ನಡೆಯಿತು. ಅಲ್ಲೂ ಪ್ರಶ್ನೆ ಇದೇ. ಶಾಸನ ಹೇಳಿಕೊಳ್ಳುವ ಕಾಲಕ್ಕೂ ಅದರ ಅಕ್ಷರದ ಕಾಲಕ್ಕೂ ತಾಳೆ ಆಗುತ್ತದೆಯೇ?

ಯೇಸು ಬಂದದ್ದು 1982ರಲ್ಲಿ

ಪರೀಕ್ಷೆಗೆ ಓದುವವರು ಇದರ ಕೆಳಗೆ ಗೆರೆ ಎಳೆದುಕೊಳ್ಳಿ. ಪ್ಲಾಂತಾರ್ ತಾನು ಯೇಸುವಿನ ವಂಶದವನು ಅಂತ ಹೇಳಿರಲಿಲ್ಲ. ಆ ಮಹಡಿ ಕಟ್ಟಿದವರು ಇಂಗ್ಲಿಷಿನಲ್ಲಿ ಬರೆಯುವ ಲೇಖಕರಾದ ಬೇಜೆಂಟ್, ಲೀ ಮತ್ತು ಲಿಂಕನ್. ಲಿಂಕನ್ ರಜೆಯಲ್ಲಿದ್ದಾಗ ದ ಸೆದ್‌ನ ಪುಸ್ತಕ ಓದಿ, ಮೇಲೆ ಹೇಳಿದ ಒಗಟನ್ನು ತಾನೇ ಬಿಡಿಸಿ, ಬಿಬಿಸಿಗೆ ಸಾಕ್ಷ್ಯಚಿತ್ರಗಳನ್ನು ಮಾಡಿದ್ದರು. 1982ರಲ್ಲಿ ಮೂವರ ಪುಸ್ತಕ ಬಂತು. ಗ್ರೇಲ್ ಅಂದರೆ ಯೇಸು ಕೊನೆಯ ಊಟದಲ್ಲಿ ಬಳಸಿದ್ದ ಎನ್ನುವ ಪವಿತ್ರ ಪಾತ್ರೆ ಅಲ್ಲ, ಅದರ ಹಳೆಯ ಹೆಸರಾದ 'ಸಾಂಗ್ರೆಯಾಲ್' ಎಂಬ ಪದವನ್ನು ಬೇರೆ ಕಡೆ ಒಡೆದರೆ 'ರಾಜರಕ್ತ' ಆಗುತ್ತದೆ ಅಂತ ಅವರ ವಾದ. ಮೆರೋವಿಂಜಿಯನ್ನರು ಗುಟ್ಟಾಗಿ ಉಳಿದಿದ್ದರೆ ಅವರಲ್ಲಿ ಏನೋ ವಿಶೇಷ ಇರಲೇಬೇಕು, ಅದು ಯೇಸುವಿನ ರಕ್ತ ಇರಬಹುದು. 'ಇರಬಹುದು' ಮುಂದಿನ ಅಧ್ಯಾಯದಲ್ಲಿ 'ಇದ್ದುದರಿಂದ' ಆಗಿಬಿಡುತ್ತದೆ. ಈ ಜಾರುವಿಕೆಯನ್ನು ಹಿಡಿಯಲು ಕಲಿತರೆ ಇಂಥ ಯಾವ ಪುಸ್ತಕವನ್ನೂ ಧೈರ್ಯವಾಗಿ ಓದಬಹುದು. ಪ್ಲಾಂತಾರ್ ಆ ವರ್ಷವೇ ಫ್ರೆಂಚ್ ರೇಡಿಯೋದಲ್ಲಿ ಇದನ್ನು ಅಲ್ಲಗಳೆದ. ಅವನಿಗೆ ಬೇಕಿದ್ದದ್ದು ಫ್ರಾನ್ಸಿನ ಕಿರೀಟ.

ಅವನ ಆಟ ಮುಗಿದದ್ದು 1993ರಲ್ಲಿ. ಸಂಘದ ಮುಖ್ಯಸ್ಥರ ಹೊಸ ಪಟ್ಟಿಯಲ್ಲಿ ತೀರಿಹೋದ ಉದ್ಯಮಿ ಪೆಲಾ ಹೆಸರು ಸೇರಿಸಿದ್ದ. ಪೆಲಾ ಸಿಲುಕಿದ್ದ ಹಣಕಾಸು ಹಗರಣದ ತನಿಖೆ ಮಾಡುತ್ತಿದ್ದ ನ್ಯಾಯಾಧೀಶರು ಇವನನ್ನೂ ಕರೆಸಿದರು, ಮನೆ ಶೋಧ ಮಾಡಿಸಿದರು. ಎಲ್ಲ ತನ್ನ ಕಲ್ಪನೆ ಅಂತ ಒಪ್ಪಿಕೊಂಡ, ಎಚ್ಚರಿಕೆ ಕೊಟ್ಟು ಬಿಟ್ಟರು.

ಬೇಜೆಂಟ್ ಮತ್ತು ಲೀ ತಮ್ಮ ವಿಷಯ ಕದ್ದಿದ್ದಾರೆ ಅಂತ 'ದ ಡಾ ವಿಂಚಿ ಕೋಡ್' ಕಾದಂಬರಿಯ ಪ್ರಕಾಶಕರ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿದರು. 2006ರ ಏಪ್ರಿಲ್‌ನಲ್ಲಿ ಸೋತರು. ನ್ಯಾಯಮೂರ್ತಿ ಪೀಟರ್ ಸ್ಮಿತ್ ತೀರ್ಪಿನೊಳಗೇ ಒಂದು ಗುಪ್ತಲಿಪಿ ಅಡಗಿಸಿದ್ದರು. ಅಂಟುಜಾಡ್ಯ!

ಹಾಗಾದರೆ ಮಗ್ದಲದ ಮರಿಯಳು?

ಸುವಾರ್ತೆಗಳಲ್ಲಿ ಅವಳು ಶಿಲುಬೆಯ ಬಳಿ ನಿಂತವಳು, ಬರಿದಾದ ಸಮಾಧಿಯನ್ನು ಕಂಡವಳು. ಹೆಂಡತಿ ಅಂತಲೂ ಇಲ್ಲ, ವೇಶ್ಯೆ ಅಂತಲೂ ಇಲ್ಲ. ಎರಡನೆಯ ಹಣೆಪಟ್ಟಿ ಗಟ್ಟಿಯಾದದ್ದು 591ರ ಸುಮಾರಿಗೆ, ಪೋಪ್ ಗ್ರೆಗರಿ ಪ್ರವಚನವೊಂದರಲ್ಲಿ ಮೂವರು ಹೆಂಗಸರನ್ನು ಒಬ್ಬಳಾಗಿಸಿದಾಗ. 1969ರಲ್ಲಿ ಚರ್ಚಿನ ಹಬ್ಬಗಳ ಪಟ್ಟಿ ತಿದ್ದಿದಾಗ ಅದನ್ನು ಸದ್ದಿಲ್ಲದೆ ಕೈಬಿಟ್ಟರು.

ಬೈಬಲ್ಲಿಗೆ ಸೇರದ ಫಿಲಿಪನ ಸುವಾರ್ತೆಯಲ್ಲಿ ಮುತ್ತಿನ ಪ್ರಸಂಗ ಇದೆಯಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಕಾಪ್ಟಿಕ್ (ಈಜಿಪ್ಟಿನ ಹಳೆಯ ಭಾಷೆ) ಪ್ರತಿ ಅದು. ಅವಳನ್ನು ಜೊತೆಗಾತಿ ಎನ್ನುತ್ತದೆ, ಯೇಸು ಅವಳಿಗೆ ಮುತ್ತಿಡುತ್ತಿದ್ದ ಎನ್ನುತ್ತದೆ. ಎಲ್ಲಿಗೆ ಎನ್ನುವಲ್ಲಿ ಹಾಳೆ ತೂತಾಗಿದೆ. 'ತುಟಿ' ಎಂಬುದು ಓದುವವರು ತುಂಬಿಕೊಂಡದ್ದು. ಆ ಸುವಾರ್ತೆಯನ್ನು ಓದುತ್ತಿದ್ದ ಪಂಥದವರಿಗೆ ಮುತ್ತು ಜ್ಞಾನ ದಾಟಿಸುವ ಗುರುತೂ ಆಗಿತ್ತು. ಮಕ್ಕಳ ಮಾತಂತೂ ಅಲ್ಲಿ ಇಲ್ಲವೇ ಇಲ್ಲ.

ಒಂದು ಸಣ್ಣ ಲೆಕ್ಕ

ಪೀಳಿಗೆಗೆ 25 ವರ್ಷ ಹಿಡಿದರೆ ಸಾವಿರ ವರ್ಷಕ್ಕೆ 40 ಪೀಳಿಗೆ. ಪ್ರತಿ ಪೀಳಿಗೆಗೂ ಹಿರಿಯರು ಇಮ್ಮಡಿಯಾಗುತ್ತಾರೆ. 40ನೇ ಮೆಟ್ಟಿಲಿಗೆ ಒಬ್ಬನಿಗೆ ಒಂದು ಲಕ್ಷ ಕೋಟಿಗೂ ಜಾಸ್ತಿ ಪೂರ್ವಜರು ಬೇಕು. ಅಷ್ಟು ಜನ ಭೂಮಿಯ ಮೇಲೆ ಇರಲೇ ಇಲ್ಲ. ಅಂದರೆ ಒಬ್ಬರೇ ಮತ್ತೆ ಮತ್ತೆ ಬರುತ್ತಾರೆ, ಎಲ್ಲರ ವಂಶವೂ ಕಲೆತುಹೋಗಿದೆ. ಎರಡು ಸಾವಿರ ವರ್ಷದ ಹಿಂದಿನ ಯಾರದೇ ಸಂತತಿ ಒಂದೋ ಅಳಿದಿರುತ್ತದೆ, ಇಲ್ಲವೇ ಕೋಟ್ಯಂತರ ಜನರಲ್ಲಿ ಹರಡಿರುತ್ತದೆ. ಒಂದೇ ಮನೆಯಲ್ಲಿ ಕಪಾಟಿನೊಳಗಿನ ಒಡವೆಯಂತೆ ಉಳಿಯುವುದಿಲ್ಲ.

ದಾಖಲೆಯಲ್ಲಿರುವ ನೆಂಟರು

ಯೇಸುವಿನ ಮನೆಯವರ ಸುದ್ದಿ ಹಳೆಯ ಬರಹಗಳಲ್ಲಿ ನಿಜಕ್ಕೂ ಇದೆ, ಯಾರೂ ಮುಚ್ಚಿಟ್ಟಿಲ್ಲ. ಮಾರ್ಕನ ಸುವಾರ್ತೆ ಯಾಕೋಬ, ಯೋಸೆ, ಯೂದ, ಸಿಮೋನ ಎಂಬ ತಮ್ಮಂದಿರ ಹೆಸರು ಕೊಡುತ್ತದೆ. ಕಥೋಲಿಕರು ಇವರನ್ನು ಹತ್ತಿರದ ಬಂಧುಗಳು ಎನ್ನುತ್ತಾರೆ. ಯಾಕೋಬನನ್ನು 62ರಲ್ಲಿ ಕೊಂದದ್ದನ್ನು ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ನನಗೆ ತುಂಬ ಹಿಡಿಸಿದ್ದು ಯೂದನ ಮೊಮ್ಮಕ್ಕಳ ಪ್ರಸಂಗ. ಎರಡನೇ ಶತಮಾನದ ಹೆಗೆಸಿಪ್ಪಸ್ ಹೇಳಿದ್ದನ್ನು ಯುಸೇಬಿಯಸ್ ತನ್ನ ಚರ್ಚ್ ಇತಿಹಾಸದಲ್ಲಿ ಉಳಿಸಿದ್ದಾನೆ. ಇವರು ದಾವೀದ ರಾಜನ ವಂಶದವರು ಅಂತ ಯಾರೋ ಚಾಡಿ ಹೇಳಿದರು. ರೋಮನ್ ಚಕ್ರವರ್ತಿ ಡೊಮಿಶಿಯನ್ ಅವರನ್ನು ಹಿಡಿದು ತರಿಸಿದ. ರಾಜರಕ್ತ ಅಂದರೆ ಅವನಿಗೆ ಭಯ. ಆಸ್ತಿ ಎಷ್ಟು ಅಂತ ಕೇಳಿದ. ಇಬ್ಬರಿಗೂ ಸೇರಿ ಒಂಬತ್ತು ಸಾವಿರ ದಿನಾರಿ, ಅದೂ ರೊಕ್ಕವಲ್ಲ, 39 ಪ್ಲೆಥ್ರ (ಆಗಿನ ಜಮೀನಿನ ಅಳತೆ) ಹೊಲದ ಬೆಲೆ. ನಾವೇ ಉತ್ತು ಕಂದಾಯ ಕಟ್ಟಿ ಬದುಕುತ್ತೇವೆ ಅಂದರು. ಸಾಕ್ಷಿ ಬೇಕಲ್ಲ? ಅಂಗೈ ಚಾಚಿ ತೋರಿಸಿದರು. ದುಡಿದು ದುಡಿದು ಜಡ್ಡುಗಟ್ಟಿದ ಕೈ. ಚಕ್ರವರ್ತಿ ಇವರಿಂದ ಏನೂ ಆಗುವಂಥದ್ದಲ್ಲ ಅಂತ ತಾತ್ಸಾರದಿಂದ ಬಿಟ್ಟುಬಿಟ್ಟ.