ನಿಲಸುಗಲ್ಲು ಮತ್ತು ಡಿಸೆಂಬರಿನ ಸೂರ್ಯ

ಶಿರಸಿಯ ನಮ್ಮ ಮನೆಯಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟದ ಎರಡು ಕಂಬಗಳ ನಡುವೆ, ಡಿಸೆಂಬರ್ 21ರಂದು ಸೂರ್ಯ ಅಳೆದಿಟ್ಟಂತೆ ಮೂಡುತ್ತಾನೆ. ಕಂಬ ಹುಗಿದವರು ಬಿಸಿಲು ಬೀಳುವ ಜಾಗ ನೋಡಿದ್ದರೇ ಹೊರತು ಆಕಾಶವನ್ನಲ್ಲ.

ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿರುವ ನಿಲಸುಗಲ್ಲುಗಳನ್ನು, ಅಂದರೆ ನೆಟ್ಟಗೆ ನಿಲ್ಲಿಸಿದ ದೊಡ್ಡ ಕಲ್ಲುಗಳನ್ನು, ಪಾಂಡವರು ನೆಟ್ಟಿಲ್ಲ; ಅವು ಸತ್ತವರಿಗಾಗಿ ದೊಡ್ಡ ಕಲ್ಲುಗಳನ್ನು ನಿಲ್ಲಿಸುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಯವು. ಕೆತ್ತನೆಯಿಲ್ಲದ ಅವು ವೀರಗಲ್ಲುಗಳೂ ಅಲ್ಲ. ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದವರು ಅಲ್ಲಿ ಅಳತೆ ಮಾಡಿ, ಕೆಲವು ಕಲ್ಲಿನ ಜೋಡಿಗಳನ್ನು ಕೂಡಿಸುವ ಗೆರೆ ಅಯನಾಂತದ (ಸೂರ್ಯ ಉತ್ತರದ ಅಥವಾ ದಕ್ಷಿಣದ ತುದಿ ಮುಟ್ಟುವ ಜೂನ್ 21, ಡಿಸೆಂಬರ್ 21ರ ಸುಮಾರಿನ) ಸೂರ್ಯೋದಯ, ಸೂರ್ಯಾಸ್ತಗಳತ್ತ ಇದೆಯೆಂದು ತೋರಿಸಿದ್ದಾರೆ. ನನಗೆ ಜೋಡಿಗಳಿಗಿಂತ ಒಂಟಿ ಕಲ್ಲಿನ ಸಾಕ್ಷ್ಯವೇ ದೊಡ್ಡದು.

ಏಕೆಂದರೆ 10 ಕಲ್ಲುಗಳಿದ್ದರೆ ಅವುಗಳ ನಡುವೆ 45 ಗೆರೆಗಳನ್ನು ಎಳೆಯಬಹುದು. ಒಂದು ಡಿಗ್ರಿ ಅತ್ತಿತ್ತ ಆದರೂ ಸರಿಯೆಂದುಕೊಂಡರೆ, ಸುಮ್ಮನೆ ಚೆಲ್ಲಿದ ಕಲ್ಲುಗಳಲ್ಲೂ ಸರಾಸರಿ ಒಂದು ಗೆರೆ ಅಯನಾಂತದ ಸೂರ್ಯನನ್ನು ಮುಟ್ಟುತ್ತದೆ. ಆದರೆ ನಿಲಸ್ಕಲ್ಲಿನ ಚಪ್ಪಟೆ ಕಲ್ಲುಗಳ ಅಗಲ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿದ್ದು, ಮುಖ ಪೂರ್ವ-ಪಶ್ಚಿಮಕ್ಕಿದೆ. ಕಲ್ಲು ಕಲ್ಲಿಗೂ ಹೀಗೆ ಆಗುವುದು ಆಕಸ್ಮಿಕವಲ್ಲ. ನೆಟ್ಟವರು ದಿಕ್ಕು ನೋಡಿಯೇ ನೆಟ್ಟಿದ್ದಾರೆ.

ಹಾಗೆಂದು ಅದನ್ನು ಪಂಚಾಂಗ ಎನ್ನಲು ನನಗೆ ಅಳುಕು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮೂಡುವ ಬಿಂದು ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ ಅಷ್ಟೇ ದಕ್ಷಿಣಕ್ಕೂ ಓಲಾಡುತ್ತದೆ. ಉಯ್ಯಾಲೆ ತುದಿಯಲ್ಲಿ ಅರೆಗಳಿಗೆ ನಿಂತಂತೆ, ಮೇಲಕ್ಕೆಸೆದ ಅಡಿಕೆ ಬೀಳುವ ಮುನ್ನ ತಡೆದಂತೆ, ಅದು ಅಯನಾಂತದಲ್ಲಿ ಬಹುತೇಕ ನಿಂತೇ ಬಿಡುತ್ತದೆ: 10 ದಿನ ಹಿಂದೆ, 10 ದಿನ ಮುಂದೆ ನೋಡಿದರೂ ಸೂರ್ಯನ ಬಿಂಬದಗಲದಷ್ಟು ಸರಿದಿರುವುದಿಲ್ಲ. ಮಕರ ಸಂಕ್ರಾಂತಿಯೇ ಉತ್ತರಾಯಣದ ಆರಂಭವೆಂದು ಜನವರಿ 14ರಂದು ಕಾದು ನಿಂತರಂತೂ ಸೂರ್ಯ ಆಗಲೇ ನಾಲ್ಕು ಬಿಂಬಗಳಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಇನ್ನು ಜೂನ್ 21ಕ್ಕೆ ಮಲೆನಾಡಿನಲ್ಲಿ ಸೂರ್ಯೋದಯ ಕಾಣುವುದೇ ಅಪರೂಪ, ಮಳೆ ಶುರುವಾಗಿರುತ್ತದೆ. ದಿನ ಎಣಿಸುವುದಕ್ಕಿಂತ, ತೀರಿಕೊಂಡವರನ್ನು ಸೂರ್ಯನ ದಾರಿಯಲ್ಲಿ ನಿಲ್ಲಿಸುವುದು ಕಲ್ಲು ನೆಟ್ಟವರ ಉದ್ದೇಶವಾಗಿತ್ತೆಂಬ ಊಹೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಇದೇ ಸಂಸ್ಕೃತಿಯ ಗೋರಿಗಳಲ್ಲಿ ಸಿಕ್ಕಿದ್ದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧಗಳು.

ಆದರೂ ನಿಧಿಯ ಆಸೆಗೆ ಇಂಥ ಕಲ್ಲುಗಳ ಬುಡ ಅಗೆಯುವವರಿದ್ದಾರೆ. ಸಂರಕ್ಷಿತ ಎಂಬ ಫಲಕ ನೆಟ್ಟ ಮೇಲೂ ಆ ಭಯ ತಪ್ಪಿದ್ದಲ್ಲ. ಬುಡ ಸಡಿಲವಾಗಿ ಎರಡೇ ಡಿಗ್ರಿ ತಿರುಗಿದ ಕಲ್ಲು ನೋಡಲು ಮೊದಲಿನಂತೆಯೇ ನಿಂತಿರುತ್ತದೆ, ಆದರೆ ಅದನ್ನು ನೆಟ್ಟವರು ಆರಿಸಿದ ದಿಕ್ಕನ್ನು ಮತ್ತೆ ಅಳೆಯಲಾಗದು.